ಠಾಣೆಯಲ್ಲಿ ಹೇಳುವ ಸುಳ್ಳು, ಆರೋಪಿಗಿರುವ ಹಕ್ಕು: ಫೋನ್ ಕರೆಯಿಂದ ಚಾರ್ಜ್‌ಶೀಟ್‌ವರೆಗೆ

"ಸುಮ್ನೆ ಒಂದ್ ಹತ್ತು ನಿಮಿಷ ಸ್ಟೇಷನ್‌ಗೆ ಬಂದು ಹೋಗಿ, ಸಾಹೇಬ್ರು ಮಾತಾಡ್ಬೇಕಂತೆ." ನೀವು ಸಾಕ್ಷಿಯೋ ಆರೋಪಿಯೋ, ದೂರು ಯಾವುದು, ಕೊಟ್ಟವರು ಯಾರು, ಈ ಮಾತಿನಲ್ಲಿ ಒಂದೂ ಇಲ್ಲ. ಹತ್ತು ನಿಮಿಷ ಎಂದು ಹೋದವರು ಎರಡು ದಿನ ಬೆಂಚಿನ ಮೇಲೆ ಕೂತು, ಮೂರನೆಯ ದಿನ "ಇಂದು ಬೆಳಿಗ್ಗೆ ಬಸ್ ನಿಲ್ದಾಣದ ಬಳಿ ಅನುಮಾನಾಸ್ಪದವಾಗಿ ತಿರುಗಾಡುತ್ತಿದ್ದಾಗ ದಸ್ತಗಿರಿ" ಎಂದು ಕಾಗದದಲ್ಲಿ ಕಾಣಿಸಿಕೊಳ್ಳುವುದು ವಕೀಲರಿಗೆ ಹೊಸ ಸಂಗತಿಯಲ್ಲ.

ಮೊದಲು ಕಹಿ ಸತ್ಯ. ತನಿಖೆಯಲ್ಲಿ ಪೊಲೀಸರು ಸುಳ್ಳು ಹೇಳಕೂಡದು ಎಂಬ ನೇರ ನಿಷೇಧ ನಮ್ಮ ಕಾನೂನಿನಲ್ಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 22 ಇದಕ್ಕೆ ವಿರುದ್ಧದ ಮಾತನ್ನೇ ಹೇಳುತ್ತದೆ. ಬೇರೆಲ್ಲ ರೀತಿಯಲ್ಲೂ ಸರಿಯಾಗಿರುವ ತಪ್ಪೊಪ್ಪಿಗೆ, ಮೋಸ ಮಾಡಿ ಪಡೆದದ್ದು ಎಂಬ ಒಂದೇ ಕಾರಣಕ್ಕೆ ಅನರ್ಹವಾಗುವುದಿಲ್ಲ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಟ್ಟು ಪಡೆದದ್ದು, ಕುಡಿದ ಮತ್ತಿನಲ್ಲಿ ಆಡಿದ್ದು, "ನೀನು ಹೇಳಲೇಬೇಕೆಂದಿಲ್ಲ" ಎಂದು ಎಚ್ಚರಿಸದೆ ಕೇಳಿದ್ದು, ಇವಕ್ಕೂ ಇದೇ ನಿಯಮ. ಹಳೆಯ ಸಾಕ್ಷ್ಯ ಕಾಯ್ದೆಯ ಕಲಂ 29ರಲ್ಲಿದ್ದ ಮಾತು ಹಾಗೆಯೇ ಹೊಸ ಕಾಯ್ದೆಗೆ ಬಂದಿದೆ. ಸಿನಿಮಾದಲ್ಲಿ ಅಮೆರಿಕದ ಪೊಲೀಸರು ಕೈಕೋಳ ಹಾಕುತ್ತಾ ಓದಿ ಹೇಳುವ ಎಚ್ಚರಿಕೆಯನ್ನು ಇಲ್ಲಿ ಕಾಯುತ್ತಾ ಕೂರಬೇಡಿ. ಅದು ಅಲ್ಲಿನ ಸುಪ್ರೀಂ ಕೋರ್ಟ್ 1966ರಲ್ಲಿ ತಂದ ನಿಯಮ.

ಹಾಗಾದರೆ ರಕ್ಷಣೆ ಎಲ್ಲಿದೆ? ಕಲಂ 23ರಲ್ಲಿ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಪೊಲೀಸ್ ವಶದಲ್ಲಿರುವಾಗ ಬೇರೆ ಯಾರ ಮುಂದೆ ಒಪ್ಪಿಕೊಂಡರೂ, ಮ್ಯಾಜಿಸ್ಟ್ರೇಟ್ ಎದುರಿಗೇ ಆಗದ ಹೊರತು, ಅದೂ ನಡೆಯುವುದಿಲ್ಲ. ಕಾನೂನು ಪೊಲೀಸರ ಬಾಯಿ ಕಟ್ಟಿಲ್ಲ, ಅವರ ಕಿವಿಗೆ ಬಿದ್ದದ್ದಕ್ಕೆ ಕೋರ್ಟಿನಲ್ಲಿ ಬೆಲೆ ಕೊಟ್ಟಿಲ್ಲ. ಆದರೆ ಈ ಗೋಡೆಯಲ್ಲಿ ಮೂರು ಕಿಂಡಿಗಳಿವೆ: ನೀವು ತೋರಿಸಿಕೊಟ್ಟಿರೆಂದು ಬರೆಯುವ ವಸ್ತು, ನೀವು ಹಾಕುವ ಸಹಿ, ಪೊಲೀಸರಲ್ಲದವರ ಬಳಿ ನೀವು ಆಡುವ ಮಾತು. ಠಾಣೆಯಲ್ಲಿ ಹೇಳುವ ಸುಳ್ಳುಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದರ ಕಡೆಗೆ ನಿಮ್ಮನ್ನು ತಳ್ಳುವಂಥವು.

ಹಂತ 1: ಕರೆ ಬಂದಾಗ

ಕರೆ ಮಾಡಿದವರ ಹೆಸರು, ಹುದ್ದೆ, ಠಾಣೆ ಕೇಳಿ ಬರೆದುಕೊಳ್ಳಿ. ಎಫ್‌ಐಆರ್ ಆಗಿದೆಯೇ, ಆಗಿದ್ದರೆ ಅಪರಾಧ ಸಂಖ್ಯೆ ಎಷ್ಟು ಎಂದು ಕೇಳಿ. "ಬರೀ ಅರ್ಜಿ ವಿಚಾರಣೆ" ಎಂದರೆ ಅರ್ಜಿಯ ಸಂಖ್ಯೆ ಮತ್ತು ದಿನಾಂಕ ಕೇಳಿ. ಕೊಟ್ಟ ಹೆಸರು ನಿಜವೇ ಎಂದು ಠಾಣೆಯ ಸ್ಥಿರ ದೂರವಾಣಿಗೆ ನೀವೇ ಕರೆ ಮಾಡಿ ನೋಡಿ. ವಿಡಿಯೊ ಕರೆಯಲ್ಲಿ ಖಾಕಿ ತೊಟ್ಟು "ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಕ್ಯಾಮೆರಾ ಆಫ್ ಮಾಡ್ಬೇಡಿ" ಎನ್ನುವವನು ಪೊಲೀಸನೇ ಅಲ್ಲ, ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ಕರೆ ಕತ್ತರಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ.

ಕರೆ ನಿಜವಾದರೆ ಲಿಖಿತ ನೋಟಿಸ್ ಕೇಳಿ. ಇದರಲ್ಲಿ ಎರಡು ಬಗೆ. ನಿಮ್ಮ ಮೇಲೇ ಆರೋಪ ಅಥವಾ ಅನುಮಾನ ಇದ್ದು, ತಕ್ಷಣ ಬಂಧನ ಬೇಕಿಲ್ಲದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35(3)ರ ನೋಟಿಸ್ ಕೊಡಬೇಕು, ಹಳಬರು ಇದನ್ನು ಈಗಲೂ ಹಳೆಯ ಸಿಆರ್‌ಪಿಸಿಯ ಸಂಖ್ಯೆಯಲ್ಲಿ "ನಲವತ್ತೊಂದು ಎ" ಎನ್ನುತ್ತಾರೆ. ಇಲ್ಲಿಂದ ಮುಂದೆ ಕಾಯ್ದೆಯ ಹೆಸರಿಲ್ಲದೆ ಬರುವ ಕಲಂಗಳು ಈ ಸಂಹಿತೆಯವು, 22, 23 ಮತ್ತು 63 ಮಾತ್ರ ಸಾಕ್ಷ್ಯ ಅಧಿನಿಯಮದವು. ಸಾಕ್ಷಿಯಾಗಿ ಕರೆಯುವುದಾದರೆ ಕಲಂ 179ರ ನೋಟಿಸ್. ಯಾವ ಕಲಂ ಎಂದು ನೋಡಿದರೆ ನೀವು ಯಾವ ಕಡೆ ನಿಂತಿದ್ದೀರಿ ಎಂಬುದು ತಿಳಿಯುತ್ತದೆ. "ಸಾಕ್ಷಿಯಾಗಿ ಬನ್ನಿ ಅಷ್ಟೆ" ಎಂದು ಬಾಯಲ್ಲಿ ಹೇಳಿ 35(3)ರ ನೋಟಿಸ್ ಕೈಗಿಟ್ಟರೆ ನಂಬಬೇಕಾದದ್ದು ಕಾಗದವನ್ನು.

ಮಹಿಳೆಯರು, 15 ವರ್ಷದೊಳಗಿನ ಹುಡುಗರು, 60 ದಾಟಿದ ಗಂಡಸರು, ಅಂಗವಿಕಲರು, ತೀವ್ರ ಕಾಯಿಲೆಯವರು ಸಾಕ್ಷಿಯಾಗಿ ಠಾಣೆಗೆ ಹೋಗಬೇಕಿಲ್ಲ, ಪೊಲೀಸರೇ ಅವರಿರುವ ಮನೆಗೆ ಬಂದು ವಿಚಾರಿಸಬೇಕು. ತಾವಾಗಿ ಬರುತ್ತೇವೆ ಎಂದರೆ ಮಾತ್ರ ಠಾಣೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ 35(3)ರ ನೋಟಿಸ್ ಸರಿಯಾದ ಜಾರಿ ಅಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ, ಸತೇಂದರ್ ಕುಮಾರ್ ಅಂತಿಲ್ ಪ್ರಕರಣದಲ್ಲಿ ಹೇಳಿದೆ. ಹಾಗೆಂದು ನೋಡಿಯೂ ನೋಡದ ಹಾಗೆ ಇರುವುದು ಜಾಣತನವಲ್ಲ. "ಸಂದೇಶ ನೋಡಿದ್ದೇನೆ. ಕಾನೂನಿನಂತೆ ಲಿಖಿತ ನೋಟಿಸ್ ಕೊಟ್ಟರೆ ನಿಗದಿತ ದಿನ ಹಾಜರಾಗುತ್ತೇನೆ" ಎಂದು ಉತ್ತರಿಸಿ, ಪರದೆಯ ಚಿತ್ರ ಇಟ್ಟುಕೊಳ್ಳಿ. ಕ್ರಮಬದ್ಧ ನೋಟಿಸ್ ಸಿಕ್ಕ ಮೇಲೆ ಹಾಜರಾಗದಿದ್ದರೆ ಅದೇ ಬಂಧನಕ್ಕೆ ಕಾರಣವಾಗುತ್ತದೆ. ಹಾಜರಾಗುತ್ತಿದ್ದರೆ, ಕಾರಣ ಬರೆದಿಡದೆ ಬಂಧಿಸುವಂತಿಲ್ಲ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದೆಂದು 2014ರ ಅರ್ನೇಶ್ ಕುಮಾರ್ ತೀರ್ಪೂ ಇದೆ. ಅದಕ್ಕಿಂತ ದೊಡ್ಡ ಆರೋಪ, ಬಂಧನದ ವಾಸನೆ ಹೊಡೆಯುತ್ತಿದೆ ಎಂದರೆ ಠಾಣೆಗೆ ಹೋಗುವ ಮೊದಲೇ ವಕೀಲರನ್ನು ಕಂಡು ಕಲಂ 482ರಡಿ ನಿರೀಕ್ಷಣಾ ಜಾಮೀನು ಹಾಕಬೇಕೇ ಎಂದು ತೀರ್ಮಾನಿಸಿ. ಬಂಧನವಾದ ಮೇಲೆ ಆ ಬಾಗಿಲು ಮುಚ್ಚುತ್ತದೆ.

ಎಫ್‌ಐಆರ್ ಪ್ರತಿ ಆರೋಪಿಗೂ ಸಿಗುತ್ತದೆ. 2016ರ ಯೂತ್ ಬಾರ್ ಅಸೋಸಿಯೇಷನ್ ತೀರ್ಪಿನ ಪ್ರಕಾರ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದೆಲ್ಲ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕು. ಜಾಲತಾಣದಲ್ಲಿ ಕಾಣದಿದ್ದರೆ ಪ್ರಮಾಣಿತ ಪ್ರತಿಗೆ ಅರ್ಜಿ ಕೊಡಿ. ಎಫ್‌ಐಆರ್ ಓದದೆ ಪ್ರಶ್ನೆಗೆ ಉತ್ತರಿಸಲು ಕೂರುವುದು ಕಣ್ಣು ಕಟ್ಟಿಕೊಂಡು ಗಾಡಿ ಓಡಿಸಿದ ಹಾಗೆ.

ಹಂತ 2: ಹೊರಡುವ ಮೊದಲು

ಒಬ್ಬರೇ ಹೋಗಬೇಡಿ. ಠಾಣೆಯ ಬಾಗಿಲಲ್ಲಿ ನಿಂತು ಮನೆಯವರಿಗೂ ವಕೀಲರಿಗೂ ಒಂದು ಸಂದೇಶ ಕಳಿಸಿ: "ಇಂದು ಬೆಳಿಗ್ಗೆ 10.20ಕ್ಕೆ ಇಂಥ ಠಾಣೆಗೆ, ಇಂಥ ಪಿಎಸ್‌ಐ ಕರೆದ ಮೇರೆಗೆ ಬಂದಿದ್ದೇನೆ. ನೋಟಿಸ್ ಕೊಟ್ಟಿದ್ದಾರೆ / ಕೊಟ್ಟಿಲ್ಲ." ಆರು ತಿಂಗಳ ನಂತರ ಬಂಧನದ ಸಮಯದ ಬಗ್ಗೆ ತಕರಾರು ಎದ್ದಾಗ ಈ ಎರಡು ಸಾಲಿನಷ್ಟು ಕೆಲಸಕ್ಕೆ ಬರುವುದು ಬೇರೊಂದಿಲ್ಲ. ವಕೀಲರ ನಂಬರನ್ನು ಒಂದು ಚೀಟಿಯಲ್ಲೂ ಬರೆದು ಜೇಬಿನಲ್ಲಿಡಿ, ಮೊಬೈಲ್ ಮೊದಲ ಐದು ನಿಮಿಷದಲ್ಲೇ ಮೇಜಿನ ಡ್ರಾಯರ್ ಸೇರಬಹುದು. ನಿತ್ಯ ನುಂಗುವ ಮಾತ್ರೆ ಇದ್ದರೆ ಚೀಟಿ ಸಮೇತ ಒಯ್ಯಿರಿ.

ವಕೀಲರನ್ನು ಇಡಲು ಹಣವಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಅಥವಾ ಕೋರ್ಟ್ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೋ ಜಿಲ್ಲಾ ಪ್ರಾಧಿಕಾರಕ್ಕೋ ಹೋಗಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ವಶದಲ್ಲಿರುವ ಯಾರಿಗಾದರೂ ಉಚಿತ ವಕೀಲರು ಸಿಗುತ್ತಾರೆ, ಆದಾಯ ಪ್ರಮಾಣಪತ್ರ ಬೇಕಿಲ್ಲ.

ಹಂತ 3: ಒಳಗೆ ಕೇಳಿಬರುವ ಮಾತುಗಳು

"ನಿನ್ನ ಜೊತೆಗಾರ ಎಲ್ಲಾ ಬಾಯಿಬಿಟ್ಟಿದ್ದಾನೆ." ಎಲ್ಲಕ್ಕಿಂತ ಹಳೆಯದು, ಈಗಲೂ ಫಲ ಕೊಡುವುದು. ಪಕ್ಕದ ಕೋಣೆಯಲ್ಲಿ ಅವನಿಗೂ ಇದನ್ನೇ ಹೇಳುತ್ತಿರುತ್ತಾರೆ. ಅವನು ನಿಜವಾಗಿಯೂ ಹೇಳಿದ್ದರೂ, ಪೊಲೀಸರ ಮುಂದಿನ ಅವನ ತಪ್ಪೊಪ್ಪಿಗೆ ಅವನ ಮೇಲೂ ನಡೆಯುವುದಿಲ್ಲ, ನಿಮ್ಮ ಮೇಲೂ ನಡೆಯುವುದಿಲ್ಲ. ಗಾಬರಿಯಾಗಿ ನೀವು ಕೊಡುವ ಸಮಜಾಯಿಷಿ ಮಾತ್ರ ತನಿಖೆಗೆ ದಾರಿ ತೋರಿಸುತ್ತದೆ.

"ಸಿಸಿಟಿವಿಯಲ್ಲಿ ಬಿದ್ದಿದ್ದೀಯ, ಟವರ್ ಲೊಕೇಷನ್ ಸಿಕ್ಕಿದೆ, ಬೆರಳಚ್ಚು ಮ್ಯಾಚ್ ಆಗಿದೆ." ಇದ್ದರೆ ಚಾರ್ಜ್‌ಶೀಟ್ ಜೊತೆ ಬರುತ್ತದೆ, ಆಗ ನೋಡಿ ಉತ್ತರಿಸಬಹುದು. ಇಲ್ಲದಿದ್ದರೆ ಈಗ ಉತ್ತರಿಸಿ ಆ ಕೊರತೆ ತುಂಬುವವರು ನೀವೇ ಆಗುತ್ತೀರಿ. "ಆ ಹೊತ್ತಲ್ಲಿ ನಾನಲ್ಲಿ ಇರಲೇ ಇಲ್ಲ, ಸಂಜೆ ಮಾತ್ರ ಹೋಗಿದ್ದೆ" ಎಂಬ ಉತ್ತರದಿಂದ ಪೊಲೀಸರಿಗೆ ಸಿಕ್ಕಿದ್ದು "ಸಂಜೆ ಹೋಗಿದ್ದೆ" ಎಂಬ ಭಾಗ.

"ಒಪ್ಕೊಂಡ್ಬಿಡು, ಸಾಕ್ಷಿ ಮಾಡ್ತೀವಿ." ಆರೋಪಿಗೆ ಕ್ಷಮಾದಾನ ಕೊಟ್ಟು ಮಾಫಿ ಸಾಕ್ಷಿ ಮಾಡುವ ಅಧಿಕಾರ ಕಲಂ 343, 344ರಡಿ ನ್ಯಾಯಾಲಯದ್ದು. ಇನ್‌ಸ್ಪೆಕ್ಟರ್ ಕೊಡುವ ಭರವಸೆಗೆ ಕೋರ್ಟಿನಲ್ಲಿ ಯಾರೂ ಜವಾಬ್ದಾರರಲ್ಲ.

"ಇಲ್ದಿದ್ರೆ ನಿನ್ನ ಹೆಂಡ್ತಿ, ತಮ್ಮ ಎಲ್ರನ್ನೂ ಕರ್ಕೊಂಡು ಬರ್ತೀವಿ." ಇಲ್ಲಿಗೆ ಸುಳ್ಳಿನ ಗಡಿ ದಾಟಿತು. ಕಾನೂನು ಮೋಸಕ್ಕೆ ಒಂದು ಅಳತೆ ಇಟ್ಟಿದೆ, ಆಮಿಷ, ಬೆದರಿಕೆ, ಒತ್ತಾಯ, ಭರವಸೆಗೆ ಬೇರೆ ಅಳತೆ. ಈ ನಾಲ್ಕರಿಂದ ಬಂದ ತಪ್ಪೊಪ್ಪಿಗೆ ಯಾರ ಮುಂದೆ ಮಾಡಿದ್ದಾದರೂ ಕಲಂ 22ರಂತೆ ಕೆಲಸಕ್ಕೆ ಬಾರದು. ಇವನ್ನು ಬಳಸಕೂಡದೆಂದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 182 ಪೊಲೀಸರನ್ನೇ ನಿರ್ಬಂಧಿಸುತ್ತದೆ. ಒಪ್ಪಿಗೆ ಕಕ್ಕಿಸಲು ಗಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 120ರಡಿ 7 ವರ್ಷದವರೆಗೆ, ತೀವ್ರ ಗಾಯವಾದರೆ 10 ವರ್ಷದವರೆಗೆ ಶಿಕ್ಷೆ. ಹಾಗಾಗಿ ಆ ಕೋಣೆಯಲ್ಲಿ ಯಾರು ಏನು ಹೇಳಿದರು ಎಂಬುದನ್ನು ಅವರ ಮಾತಿನಲ್ಲೇ ನೆನಪಿಟ್ಟುಕೊಳ್ಳಿ. "ಹೆದರಿಸಿದರು" ಎಂದಷ್ಟೇ ಬರೆದ ದೂರಿಗೆ ತೂಕವಿಲ್ಲ.

"ವಕೀಲರನ್ನ ಕರೆಸಿದ್ರೆ ಕೇಸ್ ಗಟ್ಟಿ ಆಗತ್ತೆ." ಆಗುವುದಿಲ್ಲ. ಬಂಧಿತರನ್ನು ವಿಚಾರಿಸುವಾಗ, ಇಡೀ ವಿಚಾರಣೆಯುದ್ದಕ್ಕೂ ಅಲ್ಲದಿದ್ದರೂ, ತಮಗೆ ಬೇಕಾದ ವಕೀಲರನ್ನು ಭೇಟಿಯಾಗಲು ಕಲಂ 38 ಹಕ್ಕು ಕೊಟ್ಟಿದೆ.

"ಮಂಪರು ಪರೀಕ್ಷೆ ಮಾಡಿಸ್ತೀವಿ, ಆಗ ಗೊತ್ತಾಗತ್ತೆ." ಒಂದು ಕಾಲದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಇದಕ್ಕೇ ದೇಶದಲ್ಲೆಲ್ಲ ಹೆಸರಾಗಿತ್ತು. 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ತಡೆ ಹಾಕಿತು. ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಮಾಡುವಂತಿಲ್ಲ, ಒಪ್ಪಿಗೆಯನ್ನೂ ಮ್ಯಾಜಿಸ್ಟ್ರೇಟ್ ಮುಂದೆ ದಾಖಲಿಸಬೇಕು. "ತಪ್ಪು ಮಾಡಿಲ್ಲ ಅಂದ್ರೆ ಹೆದರಿಕೆ ಯಾಕೆ, ಒಪ್ಕೋ" ಎಂದು ಪುಸಲಾಯಿಸಿದರೂ ಒಪ್ಪಬೇಡಿ. ಒಪ್ಪಿ ಮಾಡಿಸಿಕೊಂಡ ಪರೀಕ್ಷೆಯಿಂದ ಸಿಕ್ಕ ವಸ್ತು ಸಾಕ್ಷ್ಯವಾಗಬಹುದು. ಬೆರಳಚ್ಚು, ಕೈಬರಹ, ಧ್ವನಿ ಮಾದರಿಯ ಮಾತು ಬೇರೆ. ಅವು ನಿಮ್ಮ ಅರಿವಿನೊಳಗಿನ ಹೇಳಿಕೆಗಳಲ್ಲ, ಮ್ಯಾಜಿಸ್ಟ್ರೇಟ್ ಕಲಂ 349ರಡಿ ಆದೇಶಿಸಿದರೆ ಕೊಡಬೇಕು.

ಇಷ್ಟಕ್ಕೆಲ್ಲ ಕೊಡಬೇಕಾದ ಉತ್ತರ ಹೆಚ್ಚೂಕಡಿಮೆ ಒಂದೇ: "ಹೆಸರು, ವಿಳಾಸ ಹೇಳ್ತೀನಿ ಸರ್. ಉಳಿದದ್ದಕ್ಕೆ ವಕೀಲರ ಜೊತೆ ಮಾತಾಡಿ ಬರವಣಿಗೆಯಲ್ಲಿ ಉತ್ತರ ಕೊಡ್ತೀನಿ." ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿ ಹೇಳುವಂತೆ ಒತ್ತಾಯಿಸಬಾರದೆಂಬ ಸಂವಿಧಾನದ 20(3)ನೇ ವಿಧಿಯ ರಕ್ಷಣೆ ಕೋರ್ಟ್ ಕಟಕಟೆಗೆ ಮಾತ್ರ ಸೀಮಿತವಲ್ಲ, ಪೊಲೀಸ್ ವಿಚಾರಣೆಗೂ ಅನ್ವಯಿಸುತ್ತದೆಂದು ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ ಅವರ ಪ್ರಕರಣದಲ್ಲಿ 1978ರಲ್ಲೇ ತೀರ್ಮಾನವಾಗಿದೆ. ಸಾಕ್ಷಿಯಾಗಿ ಕರೆದಾಗಲೂ, ನಿಮ್ಮನ್ನು ಅಪರಾಧದಲ್ಲಿ ಸಿಲುಕಿಸುವ ಪ್ರಶ್ನೆಗೆ ಉತ್ತರಿಸದಿರಲು ಕಲಂ 180(2) ಅವಕಾಶ ಕೊಡುತ್ತದೆ. ಹೆಸರು, ವಿಳಾಸ ಮುಚ್ಚಿಡಬೇಡಿ, ಅದನ್ನು ಹೇಳದಿರುವುದೇ ಕಲಂ 39ರಡಿ ಬಂಧನಕ್ಕೆ ದಾರಿಯಾಗಬಹುದು. ಸುಳ್ಳಂತೂ ಹೇಳಲೇಬೇಡಿ. ಪೊಲೀಸರ ಸುಳ್ಳು ತನಿಖಾ ತಂತ್ರ ಎನಿಸಿಕೊಳ್ಳುತ್ತದೆ, ನಿಮ್ಮದು ಇನ್ನೊಂದು ಅಪರಾಧ ಎನಿಸಿಕೊಳ್ಳಬಹುದು. ಈ ತಕ್ಕಡಿ ಸಮವಾಗಿಲ್ಲ ಎಂಬುದು ನಿಜವೇ. ಮೌನಕ್ಕೆ ದಂಡವಿಲ್ಲ ಎಂಬುದೂ ನಿಜ.

ಒರಟಾಗಿ ಹೇಳಬೇಕಿಲ್ಲ. ಒಂದೇ ವಾಕ್ಯವನ್ನು ಮೆತ್ತಗೆ, ಎಷ್ಟು ಸಲ ಕೇಳಿದರೆ ಅಷ್ಟು ಸಲ ಹೇಳಿ. ಜನ ಸೋಲುವುದು ನಡುವೆ ಟೀ ತರಿಸಿಕೊಟ್ಟು "ಅದಿರಲಿ, ಊರು ಯಾವ್ದು, ಮಕ್ಕಳೆಷ್ಟು" ಎಂದು ಕೇಸಿಗೆ ಸಂಬಂಧವಿಲ್ಲದ ಹರಟೆ ಶುರುವಾದಾಗ. ಹರಟೆ ಸುತ್ತಿ ಸುತ್ತಿ ಆ ದಿನದ ಸಂಜೆಗೇ ಬಂದು ನಿಲ್ಲುತ್ತದೆ.

ಹಂತ 4: ಸಹಿ

"ಬಂದ್ರಿ ಅನ್ನೋದಕ್ಕೆ ಒಂದು ಸಹಿ ಅಷ್ಟೆ." ಠಾಣೆಯ ಬರಹ ನೋಡಿಕೊಳ್ಳುವ ಪೊಲೀಸ್, ಅಂದರೆ ರೈಟರ್, ಮುಂದಿಡುವ ಹಾಳೆಯನ್ನು ಕೊನೆಯ ಸಾಲಿನವರೆಗೂ ಓದಿ. ಕಲಂ 180ರಡಿ ಬರೆದುಕೊಳ್ಳುವ ಹೇಳಿಕೆಗೆ ಸಹಿ ಬೇಕಿಲ್ಲ. ಬೇಕಿಲ್ಲ ಎನ್ನುವುದಕ್ಕಿಂತ, ಸಹಿ ಮಾಡಿಸಕೂಡದು ಎಂದೇ ಕಲಂ 181 ಹೇಳುತ್ತದೆ.

ಸಹಿ ಹಾಕಬೇಕಾದ ಕಾಗದಗಳೂ ಇವೆ: ನೋಟಿಸ್ ತಲುಪಿದ್ದಕ್ಕೆ, ಅರೆಸ್ಟ್ ಮೆಮೊಗೆ, ಜಾಮೀನು ಮುಚ್ಚಳಿಕೆಗೆ, ನಿಮ್ಮಿಂದ ತೆಗೆದುಕೊಂಡ ವಸ್ತುಗಳ ಪಟ್ಟಿಗೆ. ಹಾಕುವಾಗ ಸಹಿಯ ಪಕ್ಕ ದಿನಾಂಕದ ಜೊತೆ ಗಂಟೆ, ನಿಮಿಷವನ್ನೂ ಬರೆಯಿರಿ. ಕೊನೆಯ ಸಾಲಿಗೂ ಸಹಿಗೂ ನಡುವೆ ಖಾಲಿ ಜಾಗ ಇದ್ದರೆ ಅಡ್ಡಗೆರೆ ಎಳೆಯಿರಿ. ಪ್ರತಿ ಸಿಕ್ಕಿದ್ದರೆ "ಪ್ರತಿ ಪಡೆದಿದ್ದೇನೆ", ಇಲ್ಲದಿದ್ದರೆ "ಪ್ರತಿ ಕೊಟ್ಟಿಲ್ಲ" ಎಂದು ನಿಮ್ಮ ಕೈಬರಹದಲ್ಲೇ ಬರೆಯಿರಿ. ಖಾಲಿ ಹಾಳೆಗೆ, ಅರ್ಧ ತುಂಬಿದ ಫಾರಂಗೆ, ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಬೇಡ. ಬಲವಂತದಿಂದ ಹಾಕಿಸಿಕೊಂಡರೆ ಮೊದಲ ಸಲ ಮ್ಯಾಜಿಸ್ಟ್ರೇಟ್ ಮುಂದೆ ನಿಂತಾಗಲೇ "ಇಷ್ಟು ಖಾಲಿ ಹಾಳೆಗಳಿಗೆ ಸಹಿ ಮಾಡಿಸಿಕೊಂಡಿದ್ದಾರೆ" ಎಂದು ಸಂಖ್ಯೆ ಸಮೇತ ಹೇಳಿ. ವಿಚಾರಣೆಯ ಕೊನೆಗೆ ನೆನಪಾದರೆ ಅದು ಹೊಸದಾಗಿ ಹೆಣೆದ ಕತೆಯಂತೆ ಕೇಳಿಸುತ್ತದೆ.

ಹಂತ 5: ಸ್ವಇಚ್ಛಾ ಹೇಳಿಕೆ ಮತ್ತು ರಿಕವರಿ ಮಹಜರ್

ಎಲ್ಲಕ್ಕಿಂತ ಅಪಾಯದ ಜಾಗ ಇದು. ಪೊಲೀಸರ ಮುಂದಿನ ಮಾತು ಕೋರ್ಟಿನಲ್ಲಿ ನಡೆಯದು ಎಂಬ ನಿಯಮಕ್ಕೆ ಕಲಂ 23ರಲ್ಲೇ ಒಂದು ವಿನಾಯಿತಿ ಇದೆ, ಹಳೆಯ ಕಾಯ್ದೆಯಲ್ಲಿ ಅದು ಹೆಸರಾಂತ ಕಲಂ 27. ವಶದಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ಯಾವುದಾದರೂ ಸಂಗತಿ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು. 1946ರ ಡಿಸೆಂಬರ್‌ನಲ್ಲಿ, ಆಗಿನ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಪುಲುಕುರಿ ಕೋಟಯ್ಯ ಪ್ರಕರಣದಲ್ಲಿ ಇದರ ಎಲ್ಲೆ ಹಾಕಿತು, ಇಂದಿಗೂ ಅದೇ ಅಳತೆಗೋಲು. "ಚಾಕು ಇಂಥಲ್ಲಿ ಇಟ್ಟಿದ್ದೇನೆ, ತೋರಿಸುತ್ತೇನೆ" ಎಂಬಷ್ಟು ನಡೆಯುತ್ತದೆ, "ಅದರಿಂದಲೇ ಅವನಿಗೆ ಚುಚ್ಚಿದೆ" ಎಂಬುದು ನಡೆಯುವುದಿಲ್ಲ.

ನಮ್ಮ ಚಾರ್ಜ್‌ಶೀಟ್‌ಗಳಲ್ಲಿ "ಆರೋಪಿಯ ಸ್ವಇಚ್ಛಾ ಹೇಳಿಕೆ" ಎಂಬ ಒಂದೆರಡು ಪುಟ ಇರುತ್ತದೆ. ಹುಟ್ಟಿದ ಊರು, ಓದು, ಕೆಟ್ಟ ಸಹವಾಸ ಎಲ್ಲ ಬಂದ ಮೇಲೆ ಕೊನೆಯ ಸಾಲು ಬಹುಮಟ್ಟಿಗೆ ಹೀಗೆ ಮುಗಿಯುತ್ತದೆ: "ನನ್ನನ್ನು ಕರೆದುಕೊಂಡು ಹೋದಲ್ಲಿ ಬಚ್ಚಿಟ್ಟಿರುವ ಸ್ಥಳವನ್ನು ತೋರಿಸಿ ಹಾಜರುಪಡಿಸುತ್ತೇನೆ." ಇಡೀ ಹೇಳಿಕೆಯನ್ನು ಬರೆಸಿದ್ದೇ ಈ ಸಾಲಿಗಾಗಿ. ಸಾಕ್ಷಿಗಳ ಹೇಳಿಕೆಗಿರುವ ಸಹಿ ನಿಷೇಧ ಪತ್ತೆಗೆ ಸಂಬಂಧಿಸಿದ ಮಾಹಿತಿಗೆ ಅನ್ವಯಿಸದು ಎಂದು ಇದರ ಮೇಲೆ ಸಹಿ ಕೇಳುತ್ತಾರೆ. ಸಹಿ ಹಾಕಲೇಬೇಕೆಂದು ಯಾವ ಕಲಂ ಕೂಡ ಹೇಳಿಲ್ಲ.

"ಜಾಗ ತೋರ್ಸು ಸಾಕು, ವಸ್ತು ಸಿಕ್ಕಿದ್ರೆ ಕೇಸ್ ಮುಗೀತು, ಮನೆಗೆ ಹೋಗ್ತೀಯ" ಎಂಬುದು ಇಲ್ಲಿನ ಸುಳ್ಳು. ವಸ್ತು ಸಿಕ್ಕಲ್ಲಿಂದಲೇ ಕೇಸು ಗಟ್ಟಿಯಾಗುವುದು. ಮಾಡದ ತಪ್ಪಾದರೆ ಯಾವ ಜಾಗವನ್ನೂ ತೋರಿಸಬೇಡಿ. ಕೈ ಹಿಡಿದು ಕರೆದುಕೊಂಡು ಹೋಗಿ ನಿಲ್ಲಿಸಿದರೆ ಅಲ್ಲಿ ಸಾಕ್ಷಿಗೆಂದು ಕರೆತಂದಿರುವ ಪಂಚರ ಮುಂದೆ "ಈ ಜಾಗ ನಾನು ತೋರಿಸಿದ್ದಲ್ಲ" ಎಂದು ಗಟ್ಟಿಯಾಗಿ ಹೇಳಿ. ಈಗ ಕಲಂ 105ರಂತೆ ಶೋಧ ಮತ್ತು ಜಪ್ತಿಯನ್ನು, ಪಟ್ಟಿ ಮಾಡಿ ಸಾಕ್ಷಿಗಳ ಸಹಿ ಪಡೆಯುವ ಭಾಗವೂ ಸೇರಿ, ಆಡಿಯೊ ವಿಡಿಯೊದಲ್ಲಿ ಚಿತ್ರೀಕರಿಸಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಕ್ಯಾಮೆರಾ ಇದ್ದರೆ ನಿಮ್ಮ ಮಾತು ಅದರಲ್ಲಿ ದಾಖಲಾಗುತ್ತದೆ. ಕ್ಯಾಮೆರಾ ಇರಲಿಲ್ಲ ಎಂದರೆ ಅದೇ ಪಾಟೀಸವಾಲಿನ ಮೊದಲ ಪ್ರಶ್ನೆ.

ಪಂಚರನ್ನು ಗಮನಿಸಿ. ಊರಿನವರೇ, ಬೇರೆ ಕಡೆಯಿಂದ ಜೀಪಿನಲ್ಲೇ ಬಂದವರೇ, ಮಹಜರ್ (ಸ್ಥಳದಲ್ಲಿ ಕಂಡದ್ದು, ಸಿಕ್ಕಿದ್ದನ್ನು ದಾಖಲಿಸುವ ಪತ್ರ) ಬರೆದದ್ದು ಸ್ಥಳದಲ್ಲೋ ಠಾಣೆಗೆ ಮರಳಿದ ಮೇಲೋ? ಪೊಲೀಸರಿಗೆ ಜಾಗ ಮೊದಲೇ ಗೊತ್ತಿದ್ದರೆ, ಅಥವಾ ಎಲ್ಲರೂ ಓಡಾಡುವ ಬಯಲಿನಲ್ಲಿ ವಸ್ತು ಕಣ್ಣಿಗೆ ಬೀಳುವಂತೆ ಬಿದ್ದಿದ್ದರೆ, ಅದನ್ನು ಆರೋಪಿ ಪತ್ತೆ ಮಾಡಿಕೊಟ್ಟ ಎನ್ನಲು ಬರುವುದಿಲ್ಲ.

ಮೊಬೈಲ್

"ಚೆಕ್ ಮಾಡಿ ಸಂಜೆ ಕೊಡ್ತೀವಿ, ಲಾಕ್ ತೆಗೀರಿ." ನೀವಾಗಿ ಲಾಕ್ ತೆಗೆದು ಕೊಟ್ಟರೆ ಮುಂದೆ "ಸ್ವಇಚ್ಛೆಯಿಂದ ಹಾಜರುಪಡಿಸಿದರು" ಎಂದೇ ಬರೆಯುತ್ತಾರೆ. ಜಪ್ತಿ ಪಟ್ಟಿ ಕೇಳಿ, ಅದರಲ್ಲಿ ಐಎಂಇಐ ಸಂಖ್ಯೆ ಇರಲಿ. ಬಂಧಿತರಿಂದ ತೆಗೆದುಕೊಂಡ ವಸ್ತುಗಳಿಗೆ ರಸೀದಿ ಕೊಡುವುದು ಕಲಂ 49ರಂತೆ ಕಡ್ಡಾಯ. ಪಾಸ್‌ವರ್ಡ್ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್ 2021ರ ವೀರೇಂದ್ರ ಖನ್ನಾ ತೀರ್ಪಿನಲ್ಲಿ, ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಾಗದು ಎಂದಿದೆ. ಆದರೆ ಫೋನಿನ ಒಳಗಿನ ಶೋಧಕ್ಕೆ ಕಾನೂನಿನ ಕ್ರಮ ಪಾಲಿಸಬೇಕೆಂದೂ ಹೇಳಿದೆ. ಹಾಗಾಗಿ ಕರ್ನಾಟಕದಲ್ಲಿ "ಕೊಡಲ್ಲ" ಎಂದು ಹಟ ಹಿಡಿಯುವುದಕ್ಕಿಂತ "ಲಿಖಿತ ನೋಟಿಸ್ ಅಥವಾ ಕೋರ್ಟಿನ ವಾರಂಟ್ ತನ್ನಿ, ವಕೀಲರನ್ನು ಕೇಳಿ ಉತ್ತರಿಸುತ್ತೇನೆ" ಎನ್ನುವುದು ಸರಿ.

ಹಂತ 6: ಬಂಧನ, ಅಥವಾ ಬಂಧನ ತೋರಿಸದೆ ಕೂರಿಸಿಕೊಳ್ಳುವುದು

ಬಂಧಿಸಿದರೆ ಕಲಂ 36ರಂತೆ ಅರೆಸ್ಟ್ ಮೆಮೊ ಬರೆಯಬೇಕು, ಅದಕ್ಕೆ ಮನೆಯವರೊಬ್ಬರ ಅಥವಾ ಆ ಪ್ರದೇಶದ ಗೌರವಸ್ಥರೊಬ್ಬರ ಸಾಕ್ಷಿ ಸಹಿ ಬೇಕು. ಕಲಂ 48ರಂತೆ ನೀವು ಹೇಳಿದವರಿಗೆ ಸುದ್ದಿ ಮುಟ್ಟಿಸಬೇಕು. ಬಂಧನದ ಕಾರಣಗಳನ್ನು ಎಲ್ಲ ಅಪರಾಧಗಳಲ್ಲೂ ಬರವಣಿಗೆಯಲ್ಲಿ, ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂದು 2025ರ ನವೆಂಬರ್‌ನಲ್ಲಿ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಗಳಿಗೆಯಲ್ಲಿ ಸಾಧ್ಯವಾಗದಿದ್ದರೆ ಬಾಯಲ್ಲಿ ಹೇಳಿ, ರಿಮ್ಯಾಂಡ್‌ಗೆ, ಅಂದರೆ ವಶದಲ್ಲಿ ಮುಂದುವರಿಸುವ ಆದೇಶಕ್ಕಾಗಿ ಮ್ಯಾಜಿಸ್ಟ್ರೇಟ್ ಮುಂದೆ, ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲು ಬರೆದು ಕೊಡಬೇಕು. "ಇಂಥ ಕಲಂ ಪ್ರಕಾರ" ಎಂದಷ್ಟೇ ಬರೆದರೆ ಅದು ಕಾರಣವಲ್ಲ, ನೀವು ಏನು ಮಾಡಿದಿರೆಂಬ ಆರೋಪ ಅದರಲ್ಲಿರಬೇಕು. ಮಹಿಳೆಯರನ್ನು ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮೊದಲು ಬಂಧಿಸುವಂತಿಲ್ಲ. ತೀರಾ ಅಪರೂಪದ ಸಂದರ್ಭದಲ್ಲಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಮಹಿಳಾ ಅಧಿಕಾರಿಯೇ ಬಂಧಿಸಬೇಕು.

ಜಾಮೀನು ಸಿಗುವ ಅಪರಾಧದಲ್ಲಿ "ಸ್ಟೇಷನ್ ಬೇಲ್" ಹಕ್ಕು, ಉಪಕಾರವಲ್ಲ. ಅದಕ್ಕೆ ಖರ್ಚು ಕೇಳಿದರೆ ಅದು ಲಂಚ.

ಹೆಚ್ಚಿನ ಮೋಸ ನಡೆಯುವುದು ಕಾಗದದಲ್ಲಿ ಬಂಧನವೇ ಇಲ್ಲದ ಅವಧಿಯಲ್ಲಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22(2)ನೇ ವಿಧಿಯೂ ಕಲಂ 58 ಕೂಡ ಹೇಳುವುದರಿಂದ, ಗಡಿಯಾರ ಶುರುವಾಗುವ ಹೊತ್ತನ್ನೇ ಮುಂದಕ್ಕೆ ತಳ್ಳುತ್ತಾರೆ. "ಅರೆಸ್ಟ್ ಇನ್ನೂ ತೋರ್ಸಿಲ್ಲ" ಎಂಬ ಮಾತು ಠಾಣೆಯ ಹೊರಗೆ ಕಾಯುವ ಮನೆಯವರಿಗೆಲ್ಲ ಗೊತ್ತು. ಆಗ ಒಳಗಿರುವವರಿಂದ ಏನೂ ಆಗದು, ಕೆಲಸವೆಲ್ಲ ಹೊರಗಿರುವವರದು.

"ಹೊರಗೆ ಹೋಗಬಹುದಾ?" ಎಂದು ಒಳಗಿರುವವರು ಒಮ್ಮೆ ನೇರವಾಗಿ ಕೇಳಲಿ. ಬೇಡವೆಂದರೆ ಆ ಹೊತ್ತಿನಿಂದ ಅವರು ವಶದಲ್ಲಿದ್ದಾರೆಂದೇ ಹಿಡಿದು, ಮನೆಯವರು 112ಕ್ಕೆ ಕರೆ ಮಾಡಿ ವಿಷಯ ದಾಖಲಿಸಲಿ. ಎಸ್‌ಪಿ ಅಥವಾ ಕಮಿಷನರ್ ಕಚೇರಿಗೆ ಇಮೇಲ್ ಕಳಿಸಿ, ಯಾವ ಠಾಣೆ, ಎಷ್ಟು ಹೊತ್ತಿನಿಂದ, ಕರೆದೊಯ್ದ ವಾಹನದ ಸಂಖ್ಯೆ, ಎಲ್ಲ ಅದರಲ್ಲಿರಲಿ. ಕಲಂ 37ರಂತೆ ಬಂಧಿತರ ಮಾಹಿತಿ ಇಡಲು ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಇರಬೇಕು, ಅವರ ಹೆಸರು ಕೇಳಿ. ಅಕ್ರಮವಾಗಿ ಕೂಡಿಹಾಕಿದವರನ್ನು ಹುಡುಕಿಸಲು ಕಲಂ 100ರಡಿ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಶೋಧ ವಾರಂಟ್ ಕೊಡಬಹುದು. ತಾಲ್ಲೂಕು ಕೇಂದ್ರದಲ್ಲೇ ಆಗುವ ಈ ಕೆಲಸವನ್ನು ಜನ ಮರೆತು ನೇರ ಹೈಕೋರ್ಟ್ ಎನ್ನುತ್ತಾರೆ. ಕೂಡಿಹಾಕಿದವರನ್ನು ಕೋರ್ಟಿಗೆ ಹಾಜರುಪಡಿಸಿ ಎಂದು ಹೈಕೋರ್ಟಿಗೆ ಹಾಕುವ ಹೇಬಿಯಸ್ ಕಾರ್ಪಸ್‌ ಅರ್ಜಿಗೆ ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಿವೆ. ಅರ್ಜಿ ಹಾಕಿದ ಸುದ್ದಿ ಮುಟ್ಟಿದ ಕೂಡಲೇ ಬಿಟ್ಟು ಕಳಿಸುವುದೂ, ಅವಸರದಲ್ಲಿ ಬಂಧನ ತೋರಿಸುವುದೂ ಎರಡೂ ನಡೆಯುತ್ತವೆ.

ಜೊತೆಗೆ ಸಿಸಿಟಿವಿ ದೃಶ್ಯ ಉಳಿಸಿಡಿ ಎಂದು ಅದೇ ವಾರ ಲಿಖಿತ ಅರ್ಜಿ ಕೊಡಿ. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದ 2020ರ ಆದೇಶದಂತೆ ಪ್ರತಿ ಠಾಣೆಯ ಬಾಗಿಲು, ಲಾಕಪ್, ಪಡಸಾಲೆಯಲ್ಲೂ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು, ಅದಕ್ಕೆ ತಕ್ಕ ಉಪಕರಣ ಇಲ್ಲದಿದ್ದರೂ ಕನಿಷ್ಠ ಒಂದು ವರ್ಷ ಇಡಬೇಕು. ಆದೇಶ ಇದೆ ಎಂದು ಸುಮ್ಮನಿದ್ದರೆ, ಬೇಕಾದ ಹೊತ್ತಿಗೆ "ಡಿವಿಆರ್ ಕೆಟ್ಟಿತ್ತು" ಎಂಬ ಉತ್ತರ ಬರುತ್ತದೆ.

ಹಂತ 7: ಮ್ಯಾಜಿಸ್ಟ್ರೇಟ್ ಮುಂದೆ

ದಾರಿಯಲ್ಲಿ ಹೇಳುವ ಸುಳ್ಳು: "ಹೊಡೆದ್ರು ಅಂತ ಹೇಳ್ಬೇಡ, ಹೇಳಿದ್ರೆ ಮತ್ತೆ ಕಸ್ಟಡಿಗೆ ತಗೋತೀವಿ." ಪೊಲೀಸ್ ಕಸ್ಟಡಿ ಕೊಡುವವರು ಮ್ಯಾಜಿಸ್ಟ್ರೇಟ್, ಕೊಡಲು ಕಾರಣ ಬರೆಯಬೇಕು. ಹೊಡೆತ, ನಿದ್ದೆಗೆಡಿಸಿದ್ದು, ಖಾಲಿ ಹಾಳೆಯ ಸಹಿ, ನಿಜವಾಗಿ ಹಿಡಿದ ದಿನ ಮತ್ತು ಗಂಟೆ, ಎಲ್ಲವನ್ನೂ ಈಗಲೇ ಹೇಳಿ, ಆದೇಶದ ಹಾಳೆಯಲ್ಲಿ ಬರೆದುಕೊಳ್ಳುವಂತೆ ಕೇಳಿ. ಕಲಂ 53ರ ವೈದ್ಯಕೀಯ ತಪಾಸಣೆಯಲ್ಲೂ ಗಾಯಗಳನ್ನು ಒಂದೊಂದಾಗಿ ತೋರಿಸಿ, ವರದಿಯ ಪ್ರತಿ ನಿಮಗೆ ಸಿಗಬೇಕು. ಪೊಲೀಸರು ಕೋಣೆಯಲ್ಲೇ ನಿಂತಿದ್ದರೆ ಹೊರಗೆ ಕಳಿಸಿ ಎಂದು ವೈದ್ಯರನ್ನು ಕೇಳಿ.

ಕಲಂ 183ರಡಿ ಮ್ಯಾಜಿಸ್ಟ್ರೇಟರೇ ದಾಖಲಿಸುವ ತಪ್ಪೊಪ್ಪಿಗೆ ನಿಜವಾಗಿಯೂ ಕೊರಳಿಗೆ ಬರುವಂಥದ್ದು. "ಅಲ್ಲಿ ಇದನ್ನೇ ಹೇಳು, ಜಾಮೀನು ಬೇಗ ಆಗತ್ತೆ" ಎಂದು ಕಳಿಸಿರುತ್ತಾರೆ. ಒಪ್ಪಿಕೊಳ್ಳಬೇಕಾಗಿಲ್ಲ, ಒಪ್ಪಿದರೆ ನಿಮ್ಮ ವಿರುದ್ಧವೇ ಬಳಕೆಯಾಗುತ್ತದೆ ಎಂದು ಮ್ಯಾಜಿಸ್ಟ್ರೇಟ್ ತಿಳಿಸಿ ಹೇಳಲೇಬೇಕು. ಆ ಗಳಿಗೆಯಲ್ಲಿ "ನನಗೆ ಇಷ್ಟವಿಲ್ಲ" ಎಂದರೆ ಅಲ್ಲಿಗೆ ನಿಲ್ಲುತ್ತದೆ. ಹಾಗೆ ನಿರಾಕರಿಸಿದವರನ್ನು ಮತ್ತೆ ಪೊಲೀಸ್ ವಶಕ್ಕೆ ಕೊಡುವಂತಿಲ್ಲ ಎಂದು 183(3) ಸ್ಪಷ್ಟವಾಗಿ ಹೇಳುತ್ತದೆ.

ಪೊಲೀಸರಲ್ಲದವರ ಕಿವಿ

ಬಂಧನಕ್ಕೆ ಮೊದಲು "ನಿಜ ಹೇಳೋ, ನಾನೇನೂ ಯಾರಿಗೂ ಹೇಳಲ್ಲ" ಎಂದು ಫೋನ್ ಮಾಡುವ ಗೆಳೆಯ, ರಾಜಿಗೆ ಕೂತ ಊರ ಹಿರಿಯರು, ಕ್ಯಾಮೆರಾ ಹಿಡಿದು ಬರುವ ವರದಿಗಾರ, ಜೈಲಿನ ಪಕ್ಕದ ಹಾಸಿಗೆಯವನು, ಇವರ ಬಳಿ ಆಡಿದ ಮಾತಿಗೆ ಕಲಂ 23ರ ಗೋಡೆ ಇಲ್ಲ, ಏಕೆಂದರೆ ಅವರು ಪೊಲೀಸರಲ್ಲ, ನೀವು ಪೊಲೀಸ್ ವಶದಲ್ಲೂ ಇಲ್ಲ. ನ್ಯಾಯಾಂಗ ಬಂಧನ ಪೊಲೀಸ್ ವಶವಲ್ಲ ಎಂಬುದನ್ನು ಜೈಲಿಗೆ ಹೋದವರು ಮರೆಯುತ್ತಾರೆ. ಮೋಸದಿಂದ ಕೇಳಿಸಿಕೊಂಡದ್ದೂ ನಡೆಯುತ್ತದೆ ಎಂಬ ಕಲಂ 22ರ ಮಾತು ಪೂರ್ತಿ ಬಲ ಪಡೆಯುವುದು ಇಲ್ಲಿಯೇ. ಕದ್ದು ರೆಕಾರ್ಡ್ ಮಾಡಿದ ಕರೆಯೂ ಕಲಂ 63ರ ಪ್ರಮಾಣಪತ್ರದೊಂದಿಗೆ ಸಾಕ್ಷ್ಯವಾಗಬಹುದು.

ಕೆಲವು ಕಾಯ್ದೆಗಳಲ್ಲಿ ಲೆಕ್ಕವೇ ಬೇರೆ. ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆ, ಅಂದರೆ ಕೋಕಾದಡಿ ಎಸ್‌ಪಿ ಅಥವಾ ಮೇಲಿನ ದರ್ಜೆಯ ಅಧಿಕಾರಿ ದಾಖಲಿಸಿದ ತಪ್ಪೊಪ್ಪಿಗೆ ಸಾಕ್ಷ್ಯವಾಗಬಹುದು. ಜಾರಿ ನಿರ್ದೇಶನಾಲಯದವರು ಪೊಲೀಸ್ ಅಧಿಕಾರಿಗಳಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ ಅವರ ಸಮನ್ಸ್‌ಗೆ ಹೋಗಿ ಕೊಟ್ಟ ಹೇಳಿಕೆಗೂ ಬೆಲೆಯಿದೆ. ಕಸ್ಟಮ್ಸ್‌ನವರ ಮುಂದಿನದ್ದೂ ಹಾಗೆಯೇ. ಮಾದಕ ವಸ್ತು ಕಾಯ್ದೆಯಲ್ಲಿ ಮಾತ್ರ 2020ರ ತೂಫಾನ್ ಸಿಂಗ್ ತೀರ್ಪು ಅಧಿಕಾರಿಗಳನ್ನು ಪೊಲೀಸರೆಂದೇ ಎಣಿಸಿದೆ. ಆದ್ದರಿಂದ ಎದುರು ಕೂತವರು ಯಾವ ಇಲಾಖೆಯವರು ಎಂಬುದನ್ನು ಮೊದಲು ಕೇಳಿ. ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಇಲ್ಲಿ ಹೇಳಿದ ಮೌನದ ಸೂತ್ರವನ್ನು ಹಾಗೆಯೇ ಪಾಲಿಸಬಾರದು, 1994ರ ಕಾಯ್ದೆಯಂತೆ ಅಲ್ಲಿ ಮೌನದಿಂದಲೂ ಕೋರ್ಟ್ ವ್ಯತಿರಿಕ್ತ ಅರ್ಥ ತೆಗೆಯಬಹುದು. ಬಾಯಿ ತೆರೆಯುವ ಮೊದಲು ಅಲ್ಲಿ ಠಾಣೆಯಲ್ಲಿ ಉಚಿತವಾಗಿ ಸಿಗುವ ವಕೀಲರನ್ನು (ಡ್ಯೂಟಿ ಸಾಲಿಸಿಟರ್) ಕೇಳಿ.

ಹಂತ 8: ಚಾರ್ಜ್‌ಶೀಟ್ ಕೈಗೆ ಬಂದ ಮೇಲೆ

ಮೊದಲು ದಿನ ಎಣಿಸಿ. ಮೊದಲ ರಿಮ್ಯಾಂಡ್‌ನಿಂದ ಅಪರಾಧಕ್ಕೆ ತಕ್ಕಂತೆ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಕಲಂ 187ರಡಿ ಜಾಮೀನು ಹಕ್ಕಾಗುತ್ತದೆ. ಅವಧಿ ಮುಗಿದ ಕೂಡಲೇ, ಚಾರ್ಜ್‌ಶೀಟ್ ಬರುವ ಮೊದಲೇ ಅರ್ಜಿ ಹಾಕಬೇಕು. ಒಂದು ದಿನ ತಡವಾದರೂ ಕೈತಪ್ಪಬಹುದು.

ನಂತರ ಒಂದು ಹಾಳೆ ತೆಗೆದುಕೊಂಡು ಗಂಟೆಗಳನ್ನು ಸಾಲಾಗಿ ಬರೆಯಿರಿ: ನೀವು ಬಾಗಿಲಲ್ಲಿ ಕಳಿಸಿದ ಸಂದೇಶದ್ದು, ಅರೆಸ್ಟ್ ಮೆಮೊದ್ದು, ಸ್ವಇಚ್ಛಾ ಹೇಳಿಕೆಯದ್ದು, ರಿಕವರಿ ಮಹಜರ್‌ದು, ವೈದ್ಯರ ತಪಾಸಣೆಯದ್ದು, ಮ್ಯಾಜಿಸ್ಟ್ರೇಟರ ಆದೇಶದ್ದು. ಹೇಳಿಕೆಗೆ ಮೊದಲೇ ಮಹಜರ್ ಶುರುವಾಗಿರುವುದು, ಎರಡು ಜಾಗದಲ್ಲಿ ಒಂದೇ ಹೊತ್ತಿಗೆ ಅದೇ ಪಂಚರು ಸಹಿ ಹಾಕಿರುವುದು, ಠಾಣೆಯಿಂದ 40 ಕಿಲೋಮೀಟರ್ ದೂರದ ಜಾಗಕ್ಕೆ ಹದಿನೈದೇ ನಿಮಿಷದಲ್ಲಿ ತಲುಪಿರುವುದು ಆಗ ಕಣ್ಣಿಗೆ ಬೀಳುತ್ತದೆ. ನಿಮ್ಮ ಮೊಬೈಲಿನ ಟವರ್ ದಾಖಲೆ ಬಂಧನದ ಜಾಗಕ್ಕೆ ಹೊಂದದಿದ್ದರೆ ಅದನ್ನು ಕಲಂ 94ರಡಿ ಕೋರ್ಟ್ ಮೂಲಕ ತರಿಸಲು ವಕೀಲರಿಗೆ ಹೇಳಿ. ಕಂಪನಿಗಳು ಹಳೆಯ ದಾಖಲೆಯನ್ನು ಅಳಿಸುವ ಮೊದಲೇ ಅರ್ಜಿ ಹೋಗಬೇಕು. ರಾಜ್ಯ ಅಥವಾ ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರಕ್ಕೋ ಮಾನವ ಹಕ್ಕುಗಳ ಆಯೋಗಕ್ಕೋ ದೂರು ಕೊಡುವುದಾದರೆ ಇದೇ ಹಾಳೆಯ ಪ್ರತಿ ಲಗತ್ತಿಸಿ. ಎರಡೂ ಕಡೆ ಹೇಳುವ ಗಂಟೆ, ದಿನಾಂಕ ಒಂದೇ ಆಗಿರಬೇಕು, ಇಲ್ಲದಿದ್ದರೆ ಆ ವ್ಯತ್ಯಾಸವನ್ನೇ ಹಿಡಿದು ಸರ್ಕಾರಿ ವಕೀಲರು ನಿಮ್ಮನ್ನು ಪಾಟೀಸವಾಲಿಗೆ ಎಳೆಯುತ್ತಾರೆ.